ಹಾಸಿಗೆಯಿಲ್ಲದ ಚಿಕಿತ್ಸೆ

ಮನೆಯಲ್ಲಿ ಯಾರಾದರೂ ಜಾರಿ ಬಿದ್ದು ಕಾಲು ಮುರಿದುಕೊಂಡರೆ ಬೀದಿಗೆಲ್ಲ ಸುದ್ದಿಯಾಗುತ್ತದೆ. ನೆರೆಯವರು ಹಣ್ಣು ಹಿಡಿದು ನೋಡಲು ಬರುತ್ತಾರೆ. ಅದೇ ಮನೆಯ ಮಗನೊಬ್ಬ ತಿಂಗಳುಗಟ್ಟಲೆ ನಿದ್ದೆಗೆಟ್ಟು, ಊಟ ಬಿಟ್ಟು, ಗೋಡೆಯನ್ನೇ ನೋಡುತ್ತ ಕುಳಿತರೆ, ತಾಯಿ ಬಾಗಿಲನ್ನು ಅರ್ಧ ಮುಚ್ಚಿಕೊಂಡು "ಅವನಿಗೆ ಸ್ವಲ್ಪ ಜ್ವರ" ಎನ್ನುತ್ತಾಳೆ. ಆ ಸುಳ್ಳಿನಲ್ಲಿ ಎಷ್ಟು ಪ್ರೀತಿ, ಎಷ್ಟು ಅಂಜಿಕೆ! ಆದರೆ ಅದೇ ಸುಳ್ಳು ಆರೋಗ್ಯವಿಮೆಯ ಅರ್ಜಿಯ ಮೇಲೂ ಬಂದು ಕುಳಿತಾಗ, ಅದರ ಬೆಲೆಯನ್ನು ರೋಗಿಯೇ ತೆರಬೇಕಾಗುತ್ತದೆ.

ಈ ಅಂಜಿಕೆ ಬಹುಕಾಲ ಮನೆಗಳಲ್ಲಿ ಮಾತ್ರವೇ ಇದ್ದುದಲ್ಲ. ವಿಮಾ ಪತ್ರಗಳೂ ದೇಹದ ಕಾಯಿಲೆಗಳಿಗೆ ಹಣ ಕೊಡುವುದಾಗಿ ದೊಡ್ಡ ಅಕ್ಷರದಲ್ಲಿ ಸಾರಿ, ಸಣ್ಣ ಅಕ್ಷರದಲ್ಲಿ ಮನೋರೋಗಗಳನ್ನು ಹೊರಗಿಡುತ್ತಿದ್ದವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಭೇದವನ್ನು ತೊಡೆಯಿತು. 2018ರ ಮೇ 29ರಂದು ಜಾರಿಗೆ ಬಂದ ಈ ಕಾಯಿದೆಯ 21ನೆಯ ಪ್ರಕರಣ ಸ್ಪಷ್ಟವಾಗಿಯೇ ಹೇಳುತ್ತದೆ: ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ದೊರೆಯುವುದೋ, ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಗೂ ಪ್ರತಿಯೊಂದು ವಿಮಾ ಸಂಸ್ಥೆ ವಿಮೆ ಒದಗಿಸತಕ್ಕದ್ದು.

ಕಾನೂನು ಬರೆದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟಿನಲ್ಲಿಯೇ ಈ ವಿಧಿಯನ್ನು ಪಾಲಿಸುವಂತೆ ಸಂಸ್ಥೆಗಳಿಗೆ ಸೂಚಿಸಿತು. ಆದರೂ ಮನೋರೋಗಕ್ಕಾಗಿ ಆಸ್ಪತ್ರೆ ಸೇರಿದ್ದ ಮಹಿಳೆಯೊಬ್ಬರಿಗೆ ಹಳೆಯ ಷರತ್ತನ್ನೇ ತೋರಿಸಿ ಹಣ ನಿರಾಕರಿಸಲಾಯಿತು. ಅವರು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಕಾಯಿದೆ ಜಾರಿಗೆ ಬಂದ ದಿನದಿಂದಲೇ ವಿಮಾ ಸಂಸ್ಥೆಗಳು ಅದಕ್ಕೆ ಬದ್ಧವೆಂದು ನ್ಯಾಯಾಲಯ 2021ರ ಏಪ್ರಿಲಿನಲ್ಲಿ ತೀರ್ಪಿತ್ತಿತು. 2022ರ ಅಕ್ಟೋಬರ್ 31ರೊಳಗೆ ಎಲ್ಲ ವಿಮಾ ಪತ್ರಗಳೂ ಈ ವಿಧಿಗೆ ಹೊಂದಿಕೊಳ್ಳಬೇಕೆಂದು ಪ್ರಾಧಿಕಾರ ಮತ್ತೊಮ್ಮೆ ಆಜ್ಞೆ ಮಾಡಿತು.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತೆಂದು ಯಾರಾದರೂ ಭಾವಿಸಬಹುದು. ತೊಡಕು ಇರುವುದು ಇಲ್ಲಿಯೇ. ನಮ್ಮ ಆರೋಗ್ಯವಿಮೆ ಹುಟ್ಟಿ ಬೆಳೆದದ್ದು ಆಸ್ಪತ್ರೆಯ ಹಾಸಿಗೆಯ ಸುತ್ತ. ರೋಗಿ 24 ಗಂಟೆಯಾದರೂ ಒಳರೋಗಿಯಾಗಿ ಮಲಗಿದ್ದರೆ ಮಾತ್ರ ಸಾಮಾನ್ಯವಾಗಿ ಹಣ ದೊರೆಯುತ್ತದೆ. ಖಿನ್ನತೆಗೋ ಆತಂಕಕ್ಕೋ ಒಳಗಾದ ಹೆಚ್ಚಿನವರಿಗೆ ಬೇಕಾದುದು ಹಾಸಿಗೆಯಲ್ಲ. ಎದುರುಬದುರಾಗಿ ಎರಡು ಕುರ್ಚಿ, ವಾರಕ್ಕೊಂದು ಗಂಟೆಯ ಮಾತು, ಅದೂ ಹಲವು ತಿಂಗಳು. ಈ ಆಪ್ತಸಮಾಲೋಚನೆ ಹೊರರೋಗಿ ಚಿಕಿತ್ಸೆ. ಮೈಯ ಕಾಯಿಲೆಗೆ ಹೊರರೋಗಿ ವೆಚ್ಚ ಕೊಡುವ ಪತ್ರ ಮನಸ್ಸಿನ ಕಾಯಿಲೆಗೆ ಅದನ್ನು ನಿರಾಕರಿಸುವಂತಿಲ್ಲ. ಆದರೆ ಎರಡಕ್ಕೂ ಕೊಡದ ಪತ್ರವೂ ಕಾಯಿದೆಯ ಅಕ್ಷರಕ್ಕೆ ತಪ್ಪಿ ನಡೆದಂತೆ ಆಗುವುದಿಲ್ಲ. ಇಬ್ಬರಿಗೂ ಇಲ್ಲವೆನ್ನುವುದೂ ಒಂದು ಬಗೆಯ ಸಮಾನತೆಯೇ! ಹಸಿದವನಿಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ, ಅಷ್ಟೆ.

ಆದ್ದರಿಂದ ಸಹಿ ಹಾಕುವ ಮುನ್ನವೇ ಕೇಳಬೇಕು. ಹೊರರೋಗಿ ಚಿಕಿತ್ಸೆಗೆ ಹಣ ಉಂಟೆ? ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರ ಸಮಾಲೋಚನೆಯೂ ಅದರಲ್ಲಿ ಸೇರಿದೆಯೆ? ವರ್ಷಕ್ಕೆ ಮಿತಿ ಎಷ್ಟು? ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಹಾಗೆಯೇ ನಾವೂ ನಿಜವನ್ನು ಬರೆಯಬೇಕು. ಹಿಂದೆ ಪಡೆದ ಚಿಕಿತ್ಸೆಯನ್ನು ಅರ್ಜಿಯಲ್ಲಿ ತಿಳಿಸಿದರೆ ಒಂದಷ್ಟು ಕಾಲ ಕಾಯಬೇಕಾಗಬಹುದು. ಮೊದಲೇ ಇದ್ದ ಕಾಯಿಲೆಗಳಿಗೆ ಈ ಕಾಯುವ ಅವಧಿ 3 ವರ್ಷ ಮೀರಕೂಡದೆಂದು 2024ರಲ್ಲಿ ನಿಯಮವಾಗಿದೆ. ಮುಚ್ಚಿಟ್ಟರೋ, ಕಾಯುವ ಮಾತಿರಲಿ, ಕಟ್ಟಿದ ಕಂತೂ ಕಷ್ಟಕಾಲದಲ್ಲಿ ಕೈಗೆ ಬಾರದೆ ಹೋಗಬಹುದು.

ಹಕ್ಕಿದ್ದೂ ಹಣ ನಿರಾಕರಿಸಿದರೆ ಸುಮ್ಮನೆ ಕೂರಬೇಕಾಗಿಲ್ಲ. ಕಾರಣವನ್ನು ಲಿಖಿತವಾಗಿ ಕೇಳಿ, ಮೊದಲು ಆ ಸಂಸ್ಥೆಗೇ ದೂರು ಕೊಡಬೇಕು. ತನ್ನ ಚಿಕಿತ್ಸೆಯ ಮೂಲ ದಾಖಲೆಗಳನ್ನು ಪಡೆಯುವ ಹಕ್ಕನ್ನು ಅದೇ ಕಾಯಿದೆಯ 25ನೆಯ ಪ್ರಕರಣ ರೋಗಿಗೆ ಕೊಟ್ಟಿದೆ; ಅವನ್ನು ಜೊತೆಗಿರಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಲೋಕಪಾಲರ ಮೊರೆ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ವಿಮೆಯೇ ಇಲ್ಲದವರು ಕೂಡ ಒಂಟಿಯಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ದೂರವಾಣಿ ಮಾಡಿದರೆ ಉಚಿತವಾಗಿ ಸಮಾಲೋಚನೆ ದೊರೆಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ವಯಸ್ಕರಲ್ಲಿ 100ಕ್ಕೆ 10ಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು. ಎಂದರೆ, ಅರ್ಧ ಮುಚ್ಚಿದ ಆ ಬಾಗಿಲು ನಮ್ಮ ಬೀದಿಯಲ್ಲಿ ಒಂದೇ ಅಲ್ಲ. ಹಾಸಿಗೆಯಿಲ್ಲದ ಚಿಕಿತ್ಸೆಗೂ ವಿಮೆ ಬೇಕೆಂದು ಕೇಳುವವರು ಹೆಚ್ಚಿದಷ್ಟೂ ಅದನ್ನು ಕೊಡುವವರೂ ಹೆಚ್ಚಿಯಾರು. ಆದರೆ ಕೇಳಬೇಕಾದರೆ ಕಾಯಿಲೆಯ ಹೆಸರನ್ನು ಹೇಳಬೇಕು. ಆ ತಾಯಿ ಬಾಗಿಲನ್ನು ಪೂರ್ತಿ ತೆರೆದು, "ಮಗನ ಮನಸ್ಸಿಗೆ ಹುಷಾರಿಲ್ಲ, ಚಿಕಿತ್ಸೆ ನಡೆದಿದೆ" ಎಂದು ಹೇಳುವಂತಾಗಬೇಕು. ನಾವು ಹಣ್ಣು ಹಿಡಿದು ಅಲ್ಲಿಗೂ ಹೋಗುವಂತಾಗಬೇಕು.