ಬೋಟಿನ ಎಂಜಿನ್ನು ಬಿಚ್ಚುವ ಮೊದಲು

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನವರಿಗೆ ಬೋಟಿನ ಎಂಜಿನ್ನಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕೇಳತಕ್ಕದ್ದೇ. ಆದರೆ ನಮ್ಮಲ್ಲಿ ಕುಂದಾಪುರ, ಮಲ್ಪೆ, ಹೊನ್ನಾವರದ ಕಡೆಯವರು ಎಷ್ಟು ಮಂದಿ ಇದ್ದೇವೆ, ನೋಡಿರಿ. ಇಲ್ಲಿ ಮೇಜು ಒರೆಸಿ, ದೋಸೆ ಹುಯ್ದು ಉಳಿಸಿದ ಹಣದಲ್ಲಿ ಒಂದು ಪಾಲು ಊರಿನಲ್ಲಿರುವ ಅಣ್ಣನ ಬೋಟಿಗೋ ಭಾವನ ಬೋಟಿಗೋ ಹೋಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ಬೋಟುಗಳು ಮೀನು ಹಿಡಿಯಲು ಹೋಗುವಂತಿಲ್ಲ. ಎಂಜಿನ್ನು ಬಿಚ್ಚುವುದು ಆಗಲೇ, ನಮಗೆ ಫೋನು ಬರುವುದೂ ಆಗಲೇ. "ತಮ್ಮಾ, ಮೇಸ್ತ್ರಿ ಪವರ್ ಹೆಚ್ಚಿಸಿಕೊಡುತ್ತಾನಂತೆ. ಸ್ವಲ್ಪ ಹಣ ಕಳಿಸು."

ಹಣ ಕಳಿಸುವವರಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಏನು ಕೇಳಬೇಕೆಂಬುದು ತಿಳಿದಿರಬೇಕು, ಅಷ್ಟೆ. ಈ ವಿಷಯದಲ್ಲಿ ನಮಗೆ ಪಾಠ ಹೇಳಿದವರು ಗಿರಣಿಯಲ್ಲಿ ಫಿಟ್ಟರ್ ಕೆಲಸ ಮಾಡಿ ನಿವೃತ್ತರಾದ ನಮ್ಮ ಸಂಘದ ಹಿರಿಯರು, ಮತ್ತು ಊರಿನ ದಕ್ಕೆಯಲ್ಲಿ ಕೈ ಕಪ್ಪು ಮಾಡಿಕೊಂಡ ಹುಡುಗರು. ನಾವು ಓದಿದ್ದು ಮಿಡ್ಲ್ ಸ್ಕೂಲು. ಆದುದರಿಂದ ನಮಗೆ ಅರ್ಥವಾದಂತೆಯೇ ಹೇಳುತ್ತೇವೆ.

ಮೊದಲನೆಯ ಮಾತು ವೇಗದ್ದು. ಪವರ್ ಹೆಚ್ಚಿದರೆ ಬೋಟು ಓಡುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇದೆ. ಹೊಟ್ಟೆ ತುಂಬ ಭಾರ ಹೊತ್ತು ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ 36 ಅಡಿ ಉದ್ದವಿರುವ ಬೋಟಿನ ಮಿತಿ ಸುಮಾರು 8 ನಾಟ್, ಗಂಟೆಗೆ 15 ಕಿಲೋಮೀಟರಿನ ಸುತ್ತಮುತ್ತ. ಅದರಾಚೆಗೆ ಬೋಟು ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಆಗ ಎಂಜಿನ್ನು ಎಷ್ಟು ಅರಚಿದರೂ ಡೀಸೆಲ್ ಖರ್ಚಾಗುತ್ತದೆಯೇ ಹೊರತು ದಾರಿ ಸಾಗುವುದಿಲ್ಲ. ಪ್ರೊಪೆಲ್ಲರಿನ ಲೆಕ್ಕವೂ ಹೀಗೆಯೇ ಕಠಿಣವಾದದ್ದು. ಅದನ್ನು ಶೇಕಡ 10ರಷ್ಟು ಜೋರಾಗಿ ತಿರುಗಿಸಬೇಕಾದರೆ ಶೇಕಡ 33ರಷ್ಟು ಹೆಚ್ಚು ಶಕ್ತಿ ಬೇಕು.

ಹಾಗಾದರೆ ಹೆಚ್ಚಿನ ಶಕ್ತಿ ಬೇಡವೇ? ಬೇಕು. ಬಲೆ ಎಳೆಯುವುದಕ್ಕೆ ಬೇಕು, ಎದುರು ಗಾಳಿಯಲ್ಲಿ ಬರುವುದಕ್ಕೆ ಬೇಕು. ಆದರೆ ಎಳೆತಕ್ಕೆ ಬೇಕಾದದ್ದು ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲ್ಲರು, ಮತ್ತು ಅದಕ್ಕೆ ಹೊಂದುವ ಗೇರು. ಎಂಜಿನ್ನು ಮೂರು ಸುತ್ತು ತಿರುಗಿದಾಗ ಪ್ರೊಪೆಲ್ಲರು ಒಂದೇ ಸುತ್ತು ತಿರುಗುವಂತೆ ಮಾಡಿದರೆ, ಅದೇ ಎಂಜಿನ್ನು ಹೆಚ್ಚು ಎಳೆಯುತ್ತದೆ. ಇದನ್ನು ಪರೀಕ್ಷಿಸುವ ದಾರಿ ಸುಲಭ. ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಎಂಜಿನ್ನು ತನ್ನ ಪುಸ್ತಕದಲ್ಲಿ ಹೇಳಿರುವ ಸುತ್ತನ್ನು ಮುಟ್ಟಬೇಕು. ಮುಟ್ಟದೆ ಕಪ್ಪು ಹೊಗೆ ಉಗುಳಿದರೆ, ಪ್ರೊಪೆಲ್ಲರು ಅದಕ್ಕೆ ಭಾರವಾಗಿರಬಹುದು. ಆಗ ಪಿಸ್ಟನ್ನನ್ನು ಬೈದು ಪ್ರಯೋಜನವಿಲ್ಲ.

ಇನ್ನು ಮೇಸ್ತ್ರಿಗಳು ಹೇಳುವ 'ಬೋರ್ ಹೊಡೆಸೋಣ' ಎಂಬ ಮಾತು. 4 ಅಂಗುಲದ ಸಿಲಿಂಡರನ್ನು 40 ಥೌ, ಅಂದರೆ ಅಂಗುಲದ ಸಾವಿರದಲ್ಲಿ 40 ಭಾಗ ಅಗಲ ಮಾಡಿದರೆ ಜಾಗ ಹೆಚ್ಚುವುದು ಶೇಕಡ 2 ಮಾತ್ರ. ಸವೆದದ್ದನ್ನು ಸರಿಪಡಿಸಲು ಬೋರ್ ಹೊಡೆಸಬೇಕು, ಇಲ್ಲವೆ ಹೊಸ ಲೈನರ್ ಹಾಕಬೇಕು. ಶಕ್ತಿಗಾಗಿ ಅಲ್ಲ. ಸವೆದ ಎಂಜಿನ್ನು ಕಳೆದುಕೊಂಡ ಶಕ್ತಿಯನ್ನು ಅದಕ್ಕೆ ಮರಳಿ ಕೊಟ್ಟರೆ ಅದೇ ದೊಡ್ಡ ಲಾಭ.

ಆ ಶಕ್ತಿ ಎಲ್ಲಿ ಕಳೆದುಹೋಗುತ್ತದೆ? ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಹದಿನಾರನೆಯ ಒಂದು ಪಾಲಿಗೋ ಇನ್ನೂ ಕಡಿಮೆಗೋ ಒತ್ತಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ, ಆ ಕಾವಿನಲ್ಲೇ ಎಣ್ಣೆ ಉರಿಯುತ್ತದೆ. ರಿಂಗು ಸವೆದರೆ, ವಾಲ್ವು ಸರಿಯಾಗಿ ಕೂರದಿದ್ದರೆ, ಗಾಳಿ ಸೋರಿ ಕಾವು ಇಳಿಯುತ್ತದೆ. ಹಳೆಯ ಪಂಪ್ ಸ್ಟೋವಿನಲ್ಲಿ ಕೆಲಸ ಕಲಿತ ನಮ್ಮ ಹಿರಿಯ ಭಟ್ಟರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ನಿಪ್ಪಲ್ಲಿನಲ್ಲಿ ಕಸ ಕೂತರೆ ಉರಿ ಕೆಂಪಾಗಿ ಪಾತ್ರೆಯ ತಳ ಮಸಿಯಾಗುತ್ತಿತ್ತಲ್ಲವೇ? ಎಂಜಿನ್ನಿನ ನೋಜಲ್ಲಿನ ಕತೆಯೂ ಅದೇ. ಅದು ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಬೇಕು, ಹನಿ ಹನಿಯಾಗಿ ಸುರಿಸಬಾರದು. ನೋಜಲ್ಲನ್ನು ಪರೀಕ್ಷಾ ಪಂಪಿಗೆ ಹಾಕಿ ತೋರಿಸೆಂದು ಕೇಳಿದರೆ ಒಳ್ಳೆಯ ಮೇಸ್ತ್ರಿ ಸಿಟ್ಟಾಗುವುದಿಲ್ಲ.

ಹೊಗೆಯ ಬಣ್ಣವನ್ನು ನೆನಪಿಡಿರಿ. ಕಪ್ಪಾದರೆ ಎಣ್ಣೆ ಹೆಚ್ಚು, ಇಲ್ಲವೆ ಗಾಳಿ ಕಡಿಮೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ, ಅಥವಾ ನೀರು ಒಳಗೆ ಹೋಗಿದೆ.

ನಮ್ಮ ಸದಸ್ಯರ ಮನೆಯವರ ಬೋಟೊಂದಕ್ಕೆ ಆದದ್ದನ್ನು ಇಲ್ಲಿ ಹೇಳಬೇಕು. ಕೆಲಸ ಮಾಡಿದ ಕಾರ್ಖಾನೆಯ ಹೆಸರು ಬೇಡ. 'ಪವರ್ ಹೆಚ್ಚಿಸಿದ್ದೇವೆ' ಎಂದು ಅವರು ಹಣ ಪಡೆದರು. ಮಾಡಿದ್ದು ಇಷ್ಟೇ: ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆ ಹೆಚ್ಚು ಬಿಟ್ಟಿದ್ದರು. ಮೊದಲ ವಾರ ಎಲ್ಲರಿಗೂ ಖುಷಿ, ಬಲೆ ಚೆನ್ನಾಗಿ ಎಳೆಯುತ್ತಿದೆ ಎಂದು. ಹೊಗೆ ಮಾತ್ರ ಕಾಡಿಗೆಯಂತಿತ್ತು. ಮೂರನೆಯ ವಾರ ನಡುಗಡಲಿನಲ್ಲಿ ಪಿಸ್ಟನ್ನಿನ ತಲೆ ಕರಗಿ ತೂತಾಯಿತು. ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತಂದಿತು. ಜೀವ ಉಳಿಯಿತು. ಸಾಲ ಮಾತ್ರ ಇಲ್ಲಿ ಲೋಟ ತೊಳೆಯುವ ಇಬ್ಬರು ತಮ್ಮಂದಿರ ಸಂಬಳದಲ್ಲಿ ಇಂದಿಗೂ ಕಳೆಯುತ್ತಿದೆ.

ಗಾಳಿ ಹೆಚ್ಚಿಸದೆ ಎಣ್ಣೆ ಹೆಚ್ಚಿಸಿದರೆ ಆಗುವುದು ಹೀಗೆ. ಗಾಳಿ ಹೆಚ್ಚಿಸುವ ಉಪಾಯ ಟರ್ಬೊ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಗಾಳಿಯನ್ನು ಒಳಗೆ ನೂಕುವ ಈ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಟರ್ಬೊಗೆಂದು ಕಟ್ಟಿದ ಎಂಜಿನ್ನಿನ ಪಿಸ್ಟನ್ನು, ಬೇರಿಂಗು, ತಣ್ಣಗಿಡುವ ಏರ್ಪಾಡು ಎಲ್ಲವೂ ಬೇರೆ. ಹಳೆಯ ಎಂಜಿನ್ನಿಗೆ ಗುಜರಿಯ ಟರ್ಬೊ ಸಿಕ್ಕಿಸುವುದು ಮುದಿ ಎತ್ತಿಗೆ ಸಾರಾಯಿ ಕುಡಿಸಿ ಉಳುವಂತೆ.

ಲಾರಿಯ ಎಂಜಿನ್ನನ್ನು ಬೋಟಿಗೆ ಒಗ್ಗಿಸುವವರು ಇನ್ನೊಂದು ಮಾತು ಮರೆಯುತ್ತಾರೆ. ಲಾರಿ ಆಗುಂಬೆಯ ಘಾಟಿ ಹತ್ತುವಾಗ ಮಾತ್ರ ಪೂರ್ತಿ ದುಡಿಯುತ್ತದೆ, ಆಮೇಲೆ ಉಸಿರು ಬಿಡುತ್ತದೆ. ಬೋಟಿಗೆ ದಕ್ಕೆ ಬಿಟ್ಟಲ್ಲಿಂದ ದಕ್ಕೆ ಸೇರುವವರೆಗೆ ಘಾಟಿಯೇ. ಅದಕ್ಕೇ, ಅದೇ ಎಂಜಿನ್ನಾದರೂ ಬೋಟಿನಲ್ಲಿ ಕಡಿಮೆ ಕುದುರೆಶಕ್ತಿಗೆ ನಿಲ್ಲಿಸಿದರೇನೇ ಬಾಳಿಕೆ.

ಈಗ ಭರವಸೆಯ ವಿಷಯಕ್ಕೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಶಕ್ತಿಗಿಂತ ಮೊದಲು ಬರಬೇಕಾದದ್ದು ಇದೇ. ಗಂಗೊಳ್ಳಿಯಂಥ ಅಳಿವೆ ಬಾಯಿಯನ್ನು ಕಂಡವರಿಗೆ ಇದು ಗೊತ್ತು. ಅಲ್ಲಿ ಅಲೆ ಒಡೆಯುವ ಹೊತ್ತಿಗೆ ಎಂಜಿನ್ನು ನಿಂತರೆ ಬೋಟು ಅಡ್ಡ ತಿರುಗುತ್ತದೆ. ಆಮೇಲೆ ದೇವರೇ ಗತಿ. ಹಾಗೆ ನಿಲ್ಲುವುದಕ್ಕೆ ಕಾರಣ ಎಷ್ಟೋ ಸಲ ಪಿಸ್ಟನ್ನಾಗಿರುವುದಿಲ್ಲ. ಡೀಸೆಲಿನಲ್ಲಿ ಸೇರಿದ ನೀರು, ಕಟ್ಟಿಕೊಂಡ ಫಿಲ್ಟರ್, ಹರಿದ ಬೆಲ್ಟು, ನೀರೆತ್ತುವ ಪಂಪಿನೊಳಗಿನ ಸವೆದ ರಬ್ಬರ್ ಚಕ್ರ. ಅಲ್ಪ ಬೆಲೆಯ ಸಾಮಾನುಗಳು. ಲಕ್ಷಗಟ್ಟಲೆ ಸುರಿದು ಎಂಜಿನ್ನು ಕಟ್ಟಿ, ಟಾಂಕಿಯ ತಳದ ಕೆಸರನ್ನು ಹಾಗೆಯೇ ಬಿಟ್ಟವರನ್ನು ಕಂಡಿದ್ದೇವೆ. ಎರಡು ಫಿಲ್ಟರ್ ಹಾಕಿ, ನೀರು ಬೇರೆಯಾಗುವ ಬಟ್ಟಲನ್ನು ಪ್ರತಿದಿನ ಖಾಲಿ ಮಾಡಬೇಕು.

ಉಪ್ಪು ನೀರಿನ ಕಾಟವೂ ಹಾಗೆಯೇ. ಹೋಟೆಲಿನ ಬಾಯ್ಲರಿನೊಳಗೆ ಸುಣ್ಣದಂತೆ ಕಟ್ಟುವ ಗಟ್ಟಿ ಪದರವನ್ನು ನಾವೇ ಕೆರೆದು ತೆಗೆದಿದ್ದೇವೆ. ಸಮುದ್ರದ ನೀರನ್ನು ನೇರವಾಗಿ ಎಂಜಿನ್ನಿನೊಳಗೆ ಓಡಿಸಿದರೆ ಅಲ್ಲಿಯೂ ಅಂಥದೇ ಪದರ. ಅದಕ್ಕೆ ಹೆದರಿ ಎಂಜಿನ್ನನ್ನು ಸುಮಾರು 60 ಡಿಗ್ರಿಯಲ್ಲಿ ಇಡಬೇಕಾಗುತ್ತದೆ. ಅಷ್ಟು ತಣ್ಣಗಿದ್ದರೆ ಅದು ಚೆನ್ನಾಗಿ ಉರಿಯದೆ ಬೇಗ ಸವೆಯುತ್ತದೆ. ಒಳಗೆ ಸಿಹಿನೀರು ಸುತ್ತಿಸಿ, ಅದನ್ನು ಹೊರಗಿನ ಕೊಳವೆಗಳಲ್ಲಿ ಸಮುದ್ರದ ನೀರಿನಿಂದ ತಣಿಸಿದರೆ 80 ಡಿಗ್ರಿಯ ಸುತ್ತ ಓಡಿಸಬಹುದು. ಬೋರ್ ಹೊಡೆಸುವ ಹಣ ಇದಕ್ಕೆ ಹೋದರೆ ಒಳ್ಳೆಯದು. ಜೊತೆಗೆ ಸತುವಿನ ತುಂಡುಗಳು. ಉಪ್ಪು ನೀರು ಕಬ್ಬಿಣವನ್ನೂ ಹಿತ್ತಾಳೆಯನ್ನೂ ಬಿಟ್ಟು ಮೊದಲು ಸತುವನ್ನು ತಿನ್ನುತ್ತದೆ. ಅದು ಅರ್ಧ ಕರಗಿದಾಗ ಬದಲಾಯಿಸಬೇಕು.

ಎಂಜಿನ್ನು ಬಿಚ್ಚಿದ ಮೇಲೆ ಅಳತೆ. ಕ್ರ್ಯಾಂಕನ್ನು ಮೈಕ್ರೋಮೀಟರಿನಿಂದ ಒಂದೇ ಕಡೆ ಅಲ್ಲ, ಅಡ್ಡವೂ ಉದ್ದವೂ ಅಳೆಯಬೇಕು. ಅದು ಸವೆಯುವಾಗ ಗೋಲವಾಗಿ ಸವೆಯುವುದಿಲ್ಲ, ಮೊಟ್ಟೆಯಂತಾಗುತ್ತದೆ. ಉಜ್ಜಿಸಿದರೆ 10 ಥೌ, 20 ಥೌ ಕಡಿಮೆ ಮಾಡಿ, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಚಿಪ್ಪು ಹಾಕಬೇಕು. ರಿಂಗನ್ನು ಲೈನರಿನೊಳಗೆ ಇಟ್ಟು ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ತೀರ ಕಡಿಮೆಯಾದರೆ ಬಿಸಿಗೆ ಹಿಗ್ಗಿ ರಿಂಗು ಮುರಿಯುತ್ತದೆ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ನಾಲ್ಕು ಸುತ್ತಿನಲ್ಲಿ, ಟಾರ್ಕ್ ಪಾನದಿಂದ ಬಿಗಿಯಬೇಕು. 'ನನ್ನ ಕೈಯೇ ಟಾರ್ಕ್' ಎನ್ನುವ ಮೇಸ್ತ್ರಿಗೆ ನಮಸ್ಕಾರ ಹೇಳಿ ಬರಬಹುದು. ಮೊದಲ 50 ಗಂಟೆ ಓಡಿದ ಮೇಲೆ ಆಯಿಲ್ ಬದಲಾಯಿಸಬೇಕು. ಆ ದಿನಗಳಲ್ಲಿ ಎಂಜಿನ್ನನ್ನು ಸುಮ್ಮನೆ ನಿಂತಲ್ಲೇ ಓಡಿಸಲೂ ಬಾರದು, ಒಮ್ಮೆಲೇ ಪೂರ್ತಿ ಭಾರ ಹಾಕಲೂ ಬಾರದು.

ಒಂದು ಮಾತು ಸಂಘದ ದೃಷ್ಟಿಯಿಂದ. ಹೋಟೆಲಿನ ಮಾಲೀಕರು ಹೊಸ ಒಲೆ ತರುವಾಗ ಭಟ್ಟರನ್ನು ಕೇಳುವುದಿಲ್ಲ, ಆಮೇಲೆ ಸುಟ್ಟುಕೊಳ್ಳುವವರು ಭಟ್ಟರು. ಬೋಟಿನಲ್ಲಿಯೂ ಎಂಜಿನ್ನಿನ ಬಿಸಿಯ ಪಕ್ಕದಲ್ಲಿ ರಾತ್ರಿ ಕಳೆಯುವವನನ್ನು ಯಾರೂ ಕೇಳುವುದಿಲ್ಲ. ಯಾವ ಸದ್ದು ಯಾವಾಗ ಬಂತು, ಆಯಿಲ್ ಪ್ರೆಶರ್ ಎಂದಿನಿಂದ ಇಳಿಯಿತು, ಇದು ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರದು. ಬಿಚ್ಚುವ ಮೊದಲು ಅವನನ್ನು ಕೂರಿಸಿ ಕೇಳಿರಿ ಎಂದು ನಿಮ್ಮ ಅಣ್ಣಂದಿರಿಗೆ ಹೇಳಿರಿ. ಈ ಎಂಜಿನ್ನನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲನೇ 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದಾಗ ರಾತ್ರಿ ಕಾಣೆಯಾದ, ಹೆಣ ಸಮುದ್ರದಲ್ಲಿ ಸಿಕ್ಕಿತು. ಕಡಲು ದೊಡ್ಡವರನ್ನೂ ಬಿಡುವುದಿಲ್ಲ.

ಹಣ ಕಳಿಸುವ ಮೊದಲು ಅಳತೆಯ ಚೀಟಿಯನ್ನು ಕಾಗದದಲ್ಲಿ ಬರೆಸಿ, ಫೋಟೋ ತೆಗೆದು ತರಿಸಿಕೊಳ್ಳಿರಿ. ತೆಗೆದ ಹಳೆಯ ಲೈನರು, ಚಿಪ್ಪು ಎಲ್ಲ ನಮಗೆ ವಾಪಸು ಬೇಕೆಂದು ಹೇಳಿರಿ. ಮುಂದಿನ ರವಿವಾರ ಸಂಜೆ ನಾಲ್ಕಕ್ಕೆ ನಮ್ಮ ಫಿಟ್ಟರ್ ಹಿರಿಯರು ಮೈಕ್ರೋಮೀಟರು ಮತ್ತು ಒಂದೆರಡು ಸವೆದ ಚಿಪ್ಪುಗಳನ್ನು ಇಲ್ಲಿಗೇ ತರುತ್ತಾರೆ. ಚೀಟಿ ಬಂದವರು ಜೊತೆಗೆ ತನ್ನಿರಿ, ಕೂತು ಓದೋಣ.