ಶಿಲಾಫಲಕದ ಹೆಸರುಗಳು ಮತ್ತು ಗೃಹರಕ್ಷಕರು

(ಗ್ರಾಮ ಪಂಚಾಯತ್ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



2023ರ ಆಗಸ್ಟ್ ತಿಂಗಳಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದ ಅಂಗವಾಗಿ ಗ್ರಾಮ ಪಂಚಾಯತುಗಳಲ್ಲಿ ಶಿಲಾಫಲಕಗಳು ಸ್ಥಾಪನೆಗೊಂಡವು. ಸ್ವಾತಂತ್ರ್ಯ ಹೋರಾಟಗಾರರು, ಸೈನಿಕರು, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳವರು, ರಾಜ್ಯ ಪೊಲೀಸರು ಇವರಲ್ಲಿ ಪ್ರಾಣತೆತ್ತ ಸ್ಥಳೀಯರ ಹೆಸರುಗಳನ್ನು ಕೆತ್ತಿಸುವುದು ಅದರ ಉದ್ದೇಶವಾಗಿತ್ತು. ಹೆಸರು ಸಂಗ್ರಹಿಸಲು ದೊರೆತ ಕಾಲ ಅತ್ಯಲ್ಪ. ಇಂತಹ ಅವಸರದಲ್ಲಿ ಎಲ್ಲರಿಗಿಂತ ಮೊದಲು ಬಿಟ್ಟುಹೋಗುವವನು ಗೃಹರಕ್ಷಕ.

ಈ ದಳವು 1946ರ ಡಿಸೆಂಬರ್ 6ರಂದು ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿತು. 1962ರ ಚೀನಾ ಆಕ್ರಮಣದ ತರುವಾಯ ರಾಜ್ಯಗಳ ಸ್ವಯಂಸೇವಾ ದಳಗಳಿಗೆ ಏಕರೂಪ ಬಂದಿತು. ಅಂದಿನ ಮೈಸೂರು ರಾಜ್ಯದ ಗೃಹರಕ್ಷಕ ದಳ ಕಾಯಿದೆಯೂ ಅದೇ ವರ್ಷದ್ದು. ಗೃಹರಕ್ಷಕನು ಸ್ವಂತ ವೃತ್ತಿಯನ್ನು ನಡೆಸುತ್ತಲೇ ಕರೆ ಬಂದಾಗ ಸಮವಸ್ತ್ರ ಧರಿಸುವವನು. ಅವನಿಗೆ ಕರ್ತವ್ಯ ಭತ್ಯೆಯುಂಟು, ಪಿಂಚಣಿಯಿಲ್ಲ. ಪಿಂಚಣಿಯಿಲ್ಲದ ಮೇಲೆ ಪಿಂಚಣಿಯ ಕಡತವೂ ಇಲ್ಲ. ಸೈನಿಕನ ಗುರುತು ಹಿಡಿಯಲು ನೆರವಾಗುವ ಮುಖ್ಯ ದಾಖಲೆಯೇ ಇಲ್ಲಿ ಇರುವುದಿಲ್ಲ. ಬ್ರಿಟನ್ನಿನಲ್ಲಿ 1940ರ ಮೇ 14ರ ಕರೆಗೆ ಓಗೊಟ್ಟು ಸೇರಿ, ಕರ್ತವ್ಯದಲ್ಲಿ ಮಡಿದ ಗೃಹರಕ್ಷಕರ ಹೆಸರುಗಳು ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಸೈನಿಕರೊಡನೆಯೇ ಇವೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕವಾದರೋ ಸಶಸ್ತ್ರ ಪಡೆಗಳದು. ಅಲ್ಲಿ ಹೆಸರು ಕಾಣಲಿಲ್ಲವೆಂಬ ಕಾರಣಕ್ಕೆ ಗೃಹರಕ್ಷಕನೊಬ್ಬನ ವಿಚಾರವನ್ನು ಕೈಬಿಡುವುದು ನ್ಯಾಯವಲ್ಲ.

ಹುಡುಕಾಟವನ್ನು ತಾಲೂಕಿನ ಗೃಹರಕ್ಷಕ ಘಟಕದಿಂದಲೂ ಜಿಲ್ಲಾ ಸಮಾದೇಷ್ಟರ ಕಚೇರಿಯಿಂದಲೂ ಆರಂಭಿಸುವುದು ಯುಕ್ತ. ಆದರೆ ಗಡಿಗಳು ಬದಲಾಗಿರುವುದನ್ನು ಮರೆಯಬಾರದು. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ಮೂಡುಬಿದಿರೆಯು ಹಿಂದೆ ಕಾರ್ಕಳ ತಾಲೂಕಿಗೆ ಸೇರಿತ್ತು. 1997ರಲ್ಲಿ ಉಡುಪಿ ಜಿಲ್ಲೆ ರಚನೆಯಾದಾಗ ಕಾರ್ಕಳ ಅತ್ತ ಹೋಯಿತು, ಮೂಡುಬಿದಿರೆ ಇತ್ತ ಉಳಿಯಿತು. ಇನ್ನು ಮುಂಬಯಿಯ ಹೋಟೆಲುಗಳಿಗೆ ದುಡಿಯಲು ಹೋದವರಲ್ಲಿ ಯಾರಾದರೂ ಅಲ್ಲಿಯೇ ದಳ ಸೇರಿದ್ದರೆ ಅವರ ದಾಖಲೆ ಇಲ್ಲಿ ಸಿಗುವುದೆಂತು?

ಹೆಸರಿನ ತೊಡಕು ಇದಕ್ಕಿಂತಲೂ ದೊಡ್ಡದು. ಒಂದೇ ಗ್ರಾಮದಲ್ಲಿ ಮೂವರು ಕೃಷ್ಣಪ್ಪರಿದ್ದರೆ ಅವರನ್ನು ಬೇರ್ಪಡಿಸುವುದು ಮನೆಯ ಹೆಸರು ಮಾತ್ರ. ಅಳಿಯಕಟ್ಟಿನ ಕುಟುಂಬಗಳಲ್ಲಿ ತಂದೆಯ ಕಡೆಯಿಂದಷ್ಟೇ ಹುಡುಕಿದರೆ ದಾರಿ ತಪ್ಪುತ್ತದೆ. ತಾಯಿಯ ತರವಾಡು ಮನೆಯಲ್ಲಿ ವಿಚಾರಿಸಬೇಕು. ತುಳುವಿನಲ್ಲಿ ಕರೆಯುವ ಹೆಸರೊಂದು, ಶಾಲೆಯ ದಾಖಲಾತಿ ಪುಸ್ತಕದ ಹೆಸರು ಇನ್ನೊಂದು. 1974ರ ನೇತ್ರಾವತಿಯ ನೆರೆ ಕಂಡ ಬಂಟ್ವಾಳದ ಮನೆಗಳಲ್ಲಿ ಹಳೆಯ ಕಾಗದ ಉಳಿದಿದ್ದರೆ ಅದೇ ಭಾಗ್ಯ. ಆದುದರಿಂದ ಹಿರಿಯರ ನೆನಪನ್ನು ಈಗಲೇ ಬರೆದಿಟ್ಟುಕೊಳ್ಳುವುದು ಅಗತ್ಯ. 1965 ಮತ್ತು 1971ರ ಯುದ್ಧಕಾಲದಲ್ಲಿ ಯುವಕರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ.

ಒಂದು ಎಚ್ಚರಿಕೆ. ಅಭಿಮಾನದ ಭರದಲ್ಲಿ ಸೇವೆ ಸಲ್ಲಿಸಿದವರೆಲ್ಲರನ್ನೂ ಹುತಾತ್ಮರೆಂದು ಕೆತ್ತಿಸಕೂಡದು. ಸುಖವಾಗಿ ಮನೆಗೆ ಮರಳಿ ಬೇಸಾಯ ಮಾಡಿಕೊಂಡಿದ್ದವರ ಹೆಸರುಗಳಿಗೆ ಪಂಚಾಯತಿನಲ್ಲಿ ಪ್ರತ್ಯೇಕ ವಹಿಯಿರಲಿ. ಕರ್ತವ್ಯದಲ್ಲಿ ಮಡಿದವರ ಹೆಸರನ್ನು, ಕನಿಷ್ಠ ಒಂದು ಲಿಖಿತ ದಾಖಲೆ ದೊರೆತ ಬಳಿಕ, ಕರಡು ಪಟ್ಟಿಯಾಗಿ ವಾರ್ಡ್ ಸಭೆಯಲ್ಲಿಯೂ ಗ್ರಾಮ ಸಭೆಯಲ್ಲಿಯೂ ಗಟ್ಟಿಯಾಗಿ ಓದಿ, ಆಕ್ಷೇಪಣೆಗೆ ಒಂದು ತಿಂಗಳ ಅವಕಾಶ ನೀಡಿ, ಕುಟುಂಬದವರಿಂದ ಕಾಗುಣಿತಕ್ಕೆ ಒಪ್ಪಿಗೆ ಪಡೆದು, ಅನಂತರವೇ ಪೂರಕ ಫಲಕದ ಕೆಲಸವನ್ನು ವಹಿಸತಕ್ಕದ್ದು. ಫಲಕದ ಕೆಳಭಾಗದಲ್ಲಿ ಎರಡು ಮೂರು ಸಾಲುಗಳ ಜಾಗವನ್ನು ಖಾಲಿ ಬಿಡುವಂತೆ ಕಲ್ಲು ಕೆತ್ತುವವರಿಗೆ ಮೊದಲೇ ತಿಳಿಸುವುದು.