ರೋಟರಿ ಚಕ್ರ ಮತ್ತು ಮೂವರು ಮಹಿಳೆಯರು

(ಮಹಿಳಾ ಕಾಲೇಜೊಂದರ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಿಗಾರರಾದವರಿಗೆ ಸೇವಾ ಸಂಸ್ಥೆಗಳ ಪದಗ್ರಹಣ ಸಮಾರಂಭ ತಪ್ಪಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹೋದ ಅಂಥದೊಂದು ಸಮಾರಂಭದಲ್ಲಿ ವೇದಿಕೆಯ ಮೇಲಿದ್ದವರೆಲ್ಲ ಗಂಡಸರು. ಪ್ರಾರ್ಥನೆ ಹಾಡಿದವರು, ಹಾರ ತಂದುಕೊಟ್ಟವರು, ಊಟದ ಏರ್ಪಾಟು ನೋಡಿಕೊಂಡವರು ಹೆಂಗಸರು. ಮಹಿಳೆಯರು ಸದಸ್ಯರಾಗಬಾರದೆಂಬ ನಿಯಮ ಅಲ್ಲಿ ಇರಲಿಲ್ಲ. ಇಂಥ ಸಂಸ್ಥೆಗಳಲ್ಲಿ ಹಿಂದೆ ಆ ನಿಯಮವಿತ್ತು. ಅದು ಹೋದದ್ದು ಹೇಗೆ ಎಂದು ಹುಡುಕಿದಾಗ ಸಿಕ್ಕ ಕಥೆಯನ್ನು ಇಂದು ಹೇಳುತ್ತೇನೆ.

ರೋಟರಿ ಹುಟ್ಟಿದ್ದು 1905ರಲ್ಲಿ, ಅಮೆರಿಕದ ಷಿಕಾಗೋ ನಗರದಲ್ಲಿ. ವಕೀಲ ಪಾಲ್ ಹ್ಯಾರಿಸ್ ಅದರ ಸ್ಥಾಪಕರು. ಬೇರೆ ಬೇರೆ ವೃತ್ತಿಯವರು ಸೇರಿ ಸ್ನೇಹ ಬೆಳೆಸುವುದು, ಸಮಾಜ ಸೇವೆ ಮಾಡುವುದು ಅದರ ಉದ್ದೇಶ; ಆದರೆ ಸದಸ್ಯತ್ವ ಗಂಡಸರಿಗೆ ಮಾತ್ರ. ಹಾಗೆಂದು ಹೆಂಗಸರು ದೂರ ಉಳಿಯಲಿಲ್ಲ. 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಎಂಬಾಕೆ ರೋಟರಿ ಸದಸ್ಯರ ಮಡದಿಯರನ್ನು ಸೇರಿಸಿ 'ಇನ್ನರ್ ವೀಲ್' ಕಟ್ಟಿದರು. ನಮ್ಮ ಊರುಗಳಲ್ಲೂ ಆ ಹೆಸರಿನ ಕ್ಲಬ್ಬುಗಳನ್ನು ನೀವು ಕಂಡಿದ್ದೀರಿ. ಗೋಲ್ಡಿಂಗ್ ಸ್ವತಃ ದಾದಿಯಾಗಿ ದುಡಿದವರು, ವ್ಯಾಪಾರ ನಡೆಸಿದವರು. ಆದರೂ ರೋಟರಿಯ ಮಟ್ಟಿಗೆ ಅವರ ಗುರುತು ಸದಸ್ಯರೊಬ್ಬರ ಪತ್ನಿ ಎಂಬುದಷ್ಟೇ.

ಈ ಗೋಡೆ ಅಲುಗಿದ್ದು ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಕ್ಲಬ್ಬಿನಲ್ಲಿ ಸದಸ್ಯರ ಸಂಖ್ಯೆ ಕುಸಿದಿತ್ತು. ಕ್ಲಬ್ ಉಳಿಯಬೇಕಿತ್ತು. 1977ರಲ್ಲಿ ಅದು ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮರುವರ್ಷ ಅಂತಾರಾಷ್ಟ್ರೀಯ ಸಂಸ್ಥೆ ಕ್ಲಬ್ಬಿನ ಸನ್ನದನ್ನೇ ರದ್ದು ಮಾಡಿತು. ಸದಸ್ಯರು ಸುಮ್ಮನಾಗಲಿಲ್ಲ. ಸಭೆಗಳನ್ನೂ ನಡೆಸಿದರು, ನ್ಯಾಯಾಲಯಕ್ಕೂ ಹೋದರು.

ಯಾರೊಡನೆ ಸ್ನೇಹ ಮಾಡಬೇಕೆಂಬುದು ತನ್ನ ಸದಸ್ಯರ ಸ್ವಾತಂತ್ರ್ಯ ಎಂದು ರೋಟರಿ ವಾದಿಸಿತು. ಇದು ತಳ್ಳಿಹಾಕುವಂಥ ವಾದವಲ್ಲ. ನಮ್ಮ ಮನೆಯ ಜಗಲಿಗೆ ಯಾರು ಬರಬೇಕೆಂದು ಸರ್ಕಾರ ಹೇಳಿದರೆ ನಾವು ಒಪ್ಪುತ್ತೇವೆಯೇ? ಆದರೆ ರೋಟರಿ ಕ್ಲಬ್ ಮನೆಯ ಜಗಲಿಯೇ ಎಂಬುದು ಪ್ರಶ್ನೆ. ಅಮೆರಿಕದ ಸುಪ್ರೀಂ ಕೋರ್ಟು 1987ರ ಮೇ 4ರಂದು ಅಲ್ಲವೆಂದು ತೀರ್ಪು ನೀಡಿತು. ವಿಚಾರಣೆಯಲ್ಲಿ ಭಾಗವಹಿಸಿದ ಏಳು ನ್ಯಾಯಮೂರ್ತಿಗಳದೂ ಒಂದೇ ಮಾತು. ಕ್ಲಬ್ಬುಗಳಲ್ಲಿ ಇಪ್ಪತ್ತರಿಂದ ಒಂಬೈನೂರರವರೆಗೆ ಸದಸ್ಯರಿರುತ್ತಾರೆ, ಸಭೆಗಳಿಗೆ ಹೊರಗಿನವರೂ ಪತ್ರಕರ್ತರೂ ಬರುತ್ತಾರೆ. ಅಂಥ ಕಡೆ ಕುಟುಂಬದ ಖಾಸಗಿತನವಿಲ್ಲ. ಮಹಿಳೆಯರು ಬಂದರೆ ಸೇವಾಕಾರ್ಯಕ್ಕೆ ಅಡ್ಡಿಯೂ ಇಲ್ಲ ಎಂದಿತು ನ್ಯಾಯಾಲಯ.

ಅದೇ ವರ್ಷ ಡುವಾರ್ಟೆ ಕ್ಲಬ್ಬಿಗೆ ಶಾಲೆಯೊಂದರ ಮುಖ್ಯಸ್ಥೆ ಸಿಲ್ವಿಯಾ ವಿಟ್ಲಾಕ್ ಅಧ್ಯಕ್ಷರಾದರು. 1989ರಲ್ಲಿ ರೋಟರಿ ತಾನೇ 'ಗಂಡಸರಿಗೆ ಮಾತ್ರ' ಎಂಬ ನಿಯಮವನ್ನು ತೆಗೆದುಹಾಕಿತು. ಆದರೆ ಜಾಗತಿಕ ಅಧ್ಯಕ್ಷರ ಕುರ್ಚಿಯಲ್ಲಿ ಮಹಿಳೆಯೊಬ್ಬರು, ಕೆನಡಾದ ಜೆನಿಫರ್ ಜೋನ್ಸ್, ಕುಳಿತದ್ದು 2022ರಲ್ಲಿ. ನಿಯಮ ಹೋದ ಮೇಲೂ 33 ವರ್ಷ ಬೇಕಾಯಿತು.

ಆದ್ದರಿಂದ ಸಂಘವೊಂದರ ನಿಯಮಾವಳಿಯನ್ನು ಓದಿ ತೃಪ್ತರಾಗಬೇಡಿ. ಲೆಕ್ಕಪತ್ರಕ್ಕೆ, ನಿರ್ಣಯಗಳಿಗೆ ಸಹಿ ಹಾಕುವವರು ಯಾರು, ಎಲೆ ಹಾಕುವವರು ಯಾರು ಎಂದು ನೋಡಿ. ಅಂದಿನ ಸಮಾರಂಭದ ನನ್ನ ವರದಿಯಲ್ಲಿ ವೇದಿಕೆಯ ಮೇಲಿದ್ದವರ ಹೆಸರುಗಳಷ್ಟೇ ಇದ್ದವು. ಉಳಿದವರ ಹೆಸರನ್ನು ನಾನೂ ಕೇಳಿರಲಿಲ್ಲ.